ಹಸಿವಿಲ್ಲದ ಅಳಿಯ

ಅಡುಗೆ ಗುಡಿಸಲಿನ ಬಾಗಿಲಲ್ಲಿ ಅತ್ತೆಯ ನೆರಳು ಬಿದ್ದಾಗ ಬಿಯೆಲ್‌ನ ಬಾಯಿ ತುಂಬ ವಾಲ್‌ವಾಲ್ ಇತ್ತು. ಜೋಳದ ಹಿಟ್ಟಿನ ಆ ಪುಟ್ಟ ಉಂಡೆಗಳನ್ನು ನುಂಗಲೂ ಆಗದೆ, ಉಗುಳಲೂ ಆಗದೆ, ಸೋರೆಬುರುಡೆಯ ಸೌಟು ಹಿಡಿದು ಅವನು ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತೇ ಇದ್ದ.

ಅವರ ಜನರಲ್ಲಿ ಅಳಿಯನಾದವನು ಅತ್ತೆಯ ಕಣ್ಣೆದುರು ತುತ್ತು ಎತ್ತುವುದುಂಟೇ! ಸೋಬಾತ್ ಹೊಳೆಯಾಚೆಯ ದನದ ಬೀಡಿನಿಂದ ರಾತ್ರಿಯಿಡೀ ನಡೆದು ಬಂದಿದ್ದ. ಬೆಳಿಗ್ಗೆ ಹೆಂಡತಿ ಊಟಕ್ಕೆ ಕರೆದರೆ, ಅತ್ತೆಗೂ ಕೇಳಿಸಲೆಂದು, "ನಂಗೆಂಥ ಹಸಿವು? ಹಾಲು ಕುಡಿದೇ ಹೊಟ್ಟೆ ತುಂಬಿದೆ" ಎಂದು ಎದೆಯುಬ್ಬಿಸಿದ್ದವನೂ ಇವನೇ.

"ಏನವ್ವಾ ಒಳಗೆ ಸದ್ದು?" ಅಂಗಳದಲ್ಲಿ ಜೋಳ ಕುಟ್ಟುತ್ತಿದ್ದ ಹೆಂಡತಿ ನ್ಯಾಬೋಥ್ ಕೂಗಿದಳು.

ಅತ್ತೆ ಆಗಲೇ ಮುಖ ತಿರುಗಿಸಿದ್ದಳು. "ನಾಯಿ ಕಣೇ. ಗಡಿಗೆಗೆ ಬಾಯಿ ಹಾಕಿದೆ."

"ತಡಿ, ಒನಕೆ ತಂದೆ! ಬೆನ್ನು ಮುರೀತೀನಿ ಅದರದ್ದು."

"ಬಿಡೇ, ಪಾಪ. ಹಸಿದಿದೆ, ತಿನ್ಲಿ."

"ಅಯ್ಯೋ, ಅವರಿಗೇಂತ ಎತ್ತಿಟ್ಟಿದ್ದೆ ಕಣವ್ವಾ!"

"ಅಳಿಯಂದ್ರಿಗೆ ಹಸಿವೇ ಇಲ್ವಂತಲ್ಲೇ."

ಬಿಯೆಲ್‌ನ ಕಿವಿಗಳು ಬಿಸಿಯಾದವು. ನೆರಳು ಸರಿಯಿತು. ಆಮೇಲೆ ಬಾಗಿಲ ಮರೆಯಿಂದ ಒಂದು ಮುದಿ ಕೈ ಮಾತ್ರ ಒಳಗೆ ಬಂತು. ಹುಳಿಹಾಲಿನ ಬುರುಡೆಯೊಂದನ್ನು ನೆಲದ ಮೇಲೆ ಅವನತ್ತ ಸರಿಸಿ ಹಿಂದಕ್ಕೆ ಹೋಯಿತು.

ಒಣ ತುತ್ತು ಗಂಟಲಲ್ಲಿ ಸಿಕ್ಕಿಕೊಂಡದ್ದನ್ನೂ ಅವಳು ನೋಡಿಬಿಟ್ಟಿದ್ದಳು.