ಎಲುಬಿಲ್ಲದ ಜೆಲ್ಲಿ

"ಎಲುಬು ಇಲ್ರಿ ಮೇಡಂ ಇದ್ರಾಗ, ಒಂದು ಚೂರೂ ಇಲ್ಲ," ಎನ್ನುತ್ತ ಸಾವಂತ್ರವ್ವ ಟೀಚರು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ರಂಜನಾಳ ಮುಂದಿಟ್ಟರು. ಶನಿವಾರದ ಬೆಳಗಿನ ಶಾಲೆ ಆಗಷ್ಟೇ ಬಿಟ್ಟಿತ್ತು. ಮಸೂತಿ ಎಂಬ ಊರಿನ ಆ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಇಬ್ಬರೇ ಉಳಿದಿದ್ದರು. ಡಬ್ಬಿಯಲ್ಲಿ ಬರ್ಫಿಯಂತೆ ಚೌಕಾಗಿ ಕೊಯ್ದ ಜೆಲ್ಲಿ. ಕೆಳಗೆ ಕರಿ ದ್ರಾಕ್ಷಿಯ ನೇರಳೆ, ನಡುವೆ ತೆಂಗಿನ ಹಾಲಿನ ಬಿಳಿ, ಮೇಲೆ ದಾಳಿಂಬೆಯ ಕೆಂಪು. ಮೇಜಿಗೆ ಮೊಣಕೈ ತಾಗಿದರೆ ಸಾಕು, ಮೂರೂ ಬಣ್ಣ ಒಟ್ಟಿಗೆ ನಡುಗುತ್ತಿದ್ದವು.

ಹೋದ ವರ್ಷ ತಮ್ಮ ಮಗಳು ಸಾಕ್ಷಿಯ ಹುಟ್ಟುಹಬ್ಬಕ್ಕೆ ಸಾವಂತ್ರವ್ವ ಅಂಗಡಿಯ ಪಾಕೀಟಿನ ಪುಡಿಯಿಂದ ಜೆಲ್ಲಿ ಮಾಡಿ ತಂದಿದ್ದರು. "ಇದ್ರಾಗ ಜೆಲಟಿನ್ ಇರ್ತದ ಸಾವಂತ್ರಕ್ಕ. ದನದ ಎಲುಬಿಂದ ತಗೀತಾರಂತ. ನಮಗ ನಡಿಯೂದಿಲ್ಲ," ಎಂದು ರಂಜನಾ ಕೈಮುಗಿದಿದ್ದಳು. ಬಾಯಿ ತುಂಬ ಅಕ್ಕ ಎಂದು ಕರೆಯುತ್ತಿದ್ದಳು, ಆದರೆ ಅವರ ಡಬ್ಬಿಗೆ ಒಮ್ಮೆಯೂ ಕೈ ಹಾಕಿದವಳಲ್ಲ. ಶೇಂಗಾ ಹೋಳಿಗೆ ತಂದ ದಿನ ಏಕಾದಶಿ ಎಂದಿದ್ದಳು. ಕರ್ಜಿಕಾಯಿ ತಂದ ದಿನ ಹಲ್ಲುನೋವು. ಬಾಬಾಸಾಹೇಬರ ಜಯಂತಿಗೆ ಅವರ ಓಣಿಯಲ್ಲಿ ಮಾಡಿದ ಹುಗ್ಗಿ ತಂದ ದಿನ ಹೊಟ್ಟೆ ನೆಟ್ಟಗಿಲ್ಲ. ಆರು ವರ್ಷಗಳಲ್ಲಿ ಹೇಳಿದ ಕಾರಣಗಳಲ್ಲಿ ಜೆಲಟಿನ್ನಿನದೊಂದೇ ನಿಜ. ಸಾವಂತ್ರವ್ವ ಹಿಡಿದುಕೊಂಡದ್ದೂ ಅದೊಂದನ್ನೇ.

"ಇದು ಚೈನಾ ಗ್ರಾಸ್ ಅಂತರಿ. ಸಮುದ್ರದ ಪಾಚಿ. ವಿಜಯಪುರದಿಂದ ತರಿಸೇನಿ," ಎಂದರು ಸಾವಂತ್ರವ್ವ. "ಹಿಂದಿನ ಐತವಾರ ದ್ರಾಕ್ಷಿ ರಸದಾಗ ಹಾಕಿ ಕುದಿಸಿದೆ, ಹಿಡೀಲೇ ಇಲ್ಲ. ನಿನ್ನೆ ರಾತ್ರಿ ಬರೇ ನೀರಾಗ ಕರಗಿಸಿ, ಒಲಿಯಿಂದ ಇಳಿಸಿದ ಮ್ಯಾಲ ರಸ ಹಾಕಿದೆ. ಒಂದು ಬಣ್ಣದ ಮ್ಯಾಲ ಬೆರಳಿಟ್ಟು ನೋಡಬೇಕ್ರಿ. ಸ್ವಲ್ಪ ಅಂಟಬೇಕು, ಒಳಗ ಇಳೀಬಾರದು. ಆವಾಗ ಇನ್ನೊಂದು ಹಾಕಿದ್ರ ಎರಡೂ ಬಿಡಂಗಿಲ್ಲ."

"ಇಷ್ಟೆಲ್ಲಾ ಯಾಕ ಮಾಡ್ಲಿಕ್ಕೆ ಹೋದ್ರಿ ಸಾವಂತ್ರಕ್ಕ?"

"ನಿಮಗ ನಡಿಯೂ ಹಂಗ ಮಾಡಬೇಕಂತ."

ರಂಜನಾ ಗಡಿಯಾರದ ಕಡೆ ನೋಡಿದಳು. ಏಕಾದಶಿ ಹೋಗಿ ನಾಲ್ಕು ದಿನವಾಗಿತ್ತು. ಹಲ್ಲು ಗಟ್ಟಿಯಾಗಿದ್ದವು. "ಬಸ್ಸಿನ ಹೊತ್ತಾತು. ಮನಿಗೆ ಒಯ್ತೀನಿ, ಹುಡುಗರ ಜೋಡಿ ಕೂತು ತಿಂತೀನಿ," ಎಂದು ಮುಚ್ಚಳ ಒತ್ತಿ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಬಿದ್ದಳು.

ಕ್ರಾಸಿನ ಬೇವಿನ ಮರದ ಕೆಳಗೆ ಅವಳೊಬ್ಬಳೇ. ಬಾಗೇವಾಡಿಯ ಬಸ್ಸು ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಅತ್ತೆ ಅಂಬುಬಾಯಿ ಹೊರಗಿನ ಯಾವ ಡಬ್ಬಿ ಬಂದರೂ ಮೊದಲು ಕೇಳುವುದು ಯಾರ ಮನೆಯದೆಂದು. ಸಾವಂತ್ರಕ್ಕನ ಹೆಸರು ಹೇಳಿದರೆ ಅವರೇನೂ ಜಗಳ ತೆಗೆಯುವವರಲ್ಲ. ಸುಮ್ಮನೆ ಡಬ್ಬಿಯನ್ನು ಹಿತ್ತಲಿಗೆ ಒಯ್ದು ಆಕಳ ಮುಂದೆ ಸುರಿದು, ಕೈಕಾಲು ತೊಳೆದು ಒಳಗೆ ಬರುತ್ತಾರೆ. ಆದರೆ ಎಲ್ಲವನ್ನೂ ಅತ್ತೆಯ ಮೇಲೆ ಹಾಕುವುದಕ್ಕೂ ರಂಜನಾಳ ಮನಸ್ಸು ಒಪ್ಪಲಿಲ್ಲ. ಈ ಆರು ವರ್ಷ ಶಿಕ್ಷಕರ ಕೋಣೆಯಲ್ಲಿ ಅತ್ತೆ ಇರಲಿಲ್ಲವಲ್ಲ.

ಮಾರ್ಚಿನ ಬಿಸಿಲು. ಇಷ್ಟರಲ್ಲಿ ಎಲ್ಲ ಕರಗಿ ಒಂದಾಗಿದ್ದರೆ ಸೋಮವಾರ ಹಾಗೆಂದೇ ಹೇಳಬಹುದು ಎಂದುಕೊಂಡು ಡಬ್ಬಿ ತೆರೆದಳು. ಒಂದು ತುಂಡೂ ಕರಗಿರಲಿಲ್ಲ. ಅಂಚು ಸಹ ಮುರಿದಿರಲಿಲ್ಲ. ಬೇಲಿಯ ಕಡೆಯಿಂದ ಒಂದು ಆಡು ಬಂದು ಮುಖವೆತ್ತಿ ನಿಂತಿತು. ಅದಕ್ಕೆ ಹಾಕೋಣವೆಂದು ಒಂದು ತುಂಡು ಎತ್ತಿದಳು. ಬೆರಳುಗಳ ನಡುವೆ ಅದು ತಣ್ಣಗೆ ಅಲುಗಿತು. ಯಾರದೋ ಒಂದು ರವಿವಾರ, ಒಂದು ರಾತ್ರಿ ಅದರಲ್ಲಿದ್ದವು. ಎತ್ತಿದ ಕೈ ಆಡಿನ ಕಡೆ ಹೋಗಲಿಲ್ಲ. ಮೊದಲು ದಾಳಿಂಬೆಯ ಹುಳಿ, ಆಮೇಲೆ ತೆಂಗಿನ ಹಾಲು, ಕೊನೆಗೆ ದ್ರಾಕ್ಷಿ. ಎರಡನೆಯದು ತಿಂದಳು, ಮೂರನೆಯದು ತಿಂದಳು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿದಾಗ ಉಳಿದ ಎರಡನ್ನೂ ಅವಸರದಿಂದ ಬಾಯಿಗೆ ಹಾಕಿಕೊಂಡು, ಸೆರಗಿನಿಂದ ತುಟಿ ಒರೆಸಿಕೊಂಡಳು. ಬಸ್ಸು ಹತ್ತಿ ಕೂತ ಮೇಲೆ ಮತ್ತೊಮ್ಮೆ ಒರೆಸಿಕೊಂಡಳು. ಡಬ್ಬಿ ಎರಡು ದಿನ ಚೀಲದಲ್ಲೇ ಉಳಿಯಿತು, ಅಡಿಗೆಮನೆಗೆ ಹೋಗಲಿಲ್ಲ. ರವಿವಾರ ಮಗಳು ವೃಂದಾ ಅದನ್ನು ನೋಡಿ ಯಾರದೆಂದು ಕೇಳಿದಾಗ "ನಮ್ಮ ಸಾಲಿದು" ಎಂದಳು.

ಸೋಮವಾರ ಪ್ರಾರ್ಥನೆ ಮುಗಿಯುತ್ತಲೇ ಡಬ್ಬಿಯನ್ನು ಸಾವಂತ್ರವ್ವನವರ ಕೈಗಿಟ್ಟಳು. ಖಾಲಿ ಡಬ್ಬಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಬೇಕಿತ್ತು. ಹಾಕಲು ಅಡಿಗೆಮನೆಗೆ ಒಯ್ಯಬೇಕಿತ್ತು.

"ಹುಡುಗರಿಗೆ ಸೇರ್ತೇನ್ರಿ ಮೇಡಂ?"

ಸೇರಿತು ಎಂಬ ಮಾತು ಬಸ್ಸಿನಲ್ಲಿ ಬರುವಾಗಲೇ ಸಿದ್ಧವಾಗಿತ್ತು. ರಂಜನಾ ಅದನ್ನು ಹೇಳಲೆಂದು ತಲೆಯೆತ್ತಿದಳು. ಸಾವಂತ್ರವ್ವ ನೇರವಾಗಿ ಅವಳನ್ನೇ ನೋಡುತ್ತಿದ್ದರು.

"ಮನಿಗೆ ಒಯ್ಯಲಿಲ್ಲ ಸಾವಂತ್ರಕ್ಕ," ಎಂದಳು ಮೆಲ್ಲಗೆ. "ಕ್ರಾಸಿನ್ಯಾಗ ನಿಂತು ಎಲ್ಲಾ ನಾನ ತಿಂದೆ."

ಸಾವಂತ್ರವ್ವ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದರು.

"ಮನಿಗೆ ಒಯ್ಯಂಗಿಲ್ಲ ಅನ್ನೂದು ನನಗ ಗೊತ್ತಿತ್ರಿ," ಎಂದರು. "ತಿಂತೀರಿ ಅನ್ನೂದು ಗೊತ್ತಿರಲಿಲ್ಲ."