ಪೇಂಟರ್ ಮನೆಯ ಡಬ್ಬ

ಡಬ್ಬ ಹಗುರವಾಗಿತ್ತು. ಬೇಕರಿಯ ಹುಡುಗ ಕೆಂಡ ಅದನ್ನು ಅಲ್ಲಾಡಿಸಿದ. ಮುಚ್ಚಳ ಎತ್ತಿ ನೋಡಿದ. ಒಳಗೆ ಏನೂ ಇಲ್ಲ.

ಯಾರೋ ಹಿಟ್ಟು ಕದ್ದಿದ್ದಾರೆ!

ಕ್ರಿಸ್‌ಮಸ್ ಹಿಂದಿನ ದಿನ ಬೇಕರಿಯ ಭಟ್ಟಿ ಸುತ್ತಲಿನ ಬೀದಿಗಳದ್ದು. ಜನ ಮನೆಯಲ್ಲೇ ಕೇಕಿನ ಹಿಟ್ಟು ಕಲಸಿ, ಡಬ್ಬಕ್ಕೆ ಹುಯ್ದು, ಮುಚ್ಚಳ ಹಾಕಿ, ಗುರುತಿಗೆ ತಮ್ಮ ಮನೆಯ ಹಳೇ ಬಟ್ಟೆಯ ಚೂರೊಂದನ್ನು ಕಟ್ಟಿ, ಬೆಳಿಗ್ಗೆಯೇ ಕಿಟಕಿ ಪಕ್ಕದ ಹಲಗೆಯ ಮೇಲೆ ಇಟ್ಟುಹೋಗುತ್ತಾರೆ. ಮುಚ್ಚಳ ಹಾಕಿಯೇ ಬೇಯಿಸಬೇಕು. ಇನ್ನೊಬ್ಬರ ಡಬ್ಬದಲ್ಲಿ ಇಣುಕುವುದೂ ಒಂದೇ, ಇನ್ನೊಬ್ಬರ ಅಡುಗೆಮನೆಯಲ್ಲಿ ಇಣುಕುವುದೂ ಒಂದೇ. ಬೆಂದದ್ದು ಮೂಗಿಗೆ ತಿಳಿಯಬೇಕು.

ಈ ಡಬ್ಬದ ಬಟ್ಟೆಯ ಮೇಲೆ ಒಣಗಿ ಬಿರುಕುಬಿಟ್ಟ ಬಣ್ಣದ ಚುಕ್ಕೆಗಳು. ಪೇಂಟರನ ಮನೆಯದು.

ಕೆಂಡ ಎಂಬುದು ಅಡ್ಡಹೆಸರು. ಭಟ್ಟಿಗೆ ಸೌದೆ ಹಾಕುವುದರಿಂದ ಬಂತೆಂದು ಅವನು. ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡಿರುವುದರಿಂದ ಎಂದು ಉಳಿದವರು. ಹಿಂದಿನ ಎರಡು ಕೆಲಸ ಬಾಯಿಂದಲೇ ಹೋಗಿದ್ದವು. ಹೋದ ವಾರ ಇಲ್ಲಿ, ಹಬ್ಬಕ್ಕೆ ಮುಂಚೆಯೇ ಬೇಯಿಸಲು ತಂದಿದ್ದ ಒಬ್ಬ ಗಿರಾಕಿಯ ಡಬ್ಬ ಅವನ ಕೈಜಾರಿ ಹಿಟ್ಟೆಲ್ಲ ನೆಲದ ಪಾಲಾದಾಗ ಯಜಮಾನ ಕೈಮುಗಿದಿದ್ದ: “ಇನ್ನೊಂದು ಡಬ್ಬ ಹೋದ್ರೆ ಅದರ ಹಿಂದೆ ನೀನೂ ಹೋಗಪ್ಪ.” ಮನೆಯಲ್ಲಿ ಅಮ್ಮನದು ಬೇರೆ ರಾಗ. “ಈ ಕೆಲಸನಾದ್ರೂ ಉಳಿಸ್ಕೋ ಮಗಾ. ನನ್ನ ಕೈಲಿ ಇನ್ನು ಕಂಡೋರ ಪಾತ್ರೆ ತಿಕ್ಕೋಕಾಗಲ್ಲ.”

ಕೆಂಡ ಡಬ್ಬದೊಳಗೆ ಬೆರಳಾಡಿಸಿದ. ಎಣ್ಣೆಯ ಪಸೆಯೂ ಇಲ್ಲ. ಕಳ್ಳ ಒರೆಸಿಯೇ ಇಟ್ಟಿದ್ದ.

ಹಿಟ್ಟು ನಾದುವ ಮೇಸ್ತ್ರಿ ಮೂಲೆಯಲ್ಲಿ ನಿಂತು ಬೆರಳು ನೆಕ್ಕುತ್ತಿದ್ದ. ತನ್ನ ಅಳಿಯನನ್ನು ಕೆಂಡನ ಜಾಗಕ್ಕೆ ಸೇರಿಸಬೇಕೆಂದು ಅವನಿಗೆ ಬಹಳ ದಿನದ ಆಸೆ.

“ಮೇಸ್ತ್ರಿ, ಹಿಟ್ಟೆಲ್ಲಿ?”

“ಯಾವ ಹಿಟ್ಟು?”

“ನಾಟಕ ಬೇಡ. ಪೇಂಟರ್ ಮನೆದು.”

“ನಿನ್ನ ತಲೇಲಿರೋದೆಲ್ಲ ಹಿಟ್ಟೇ ಅಲ್ವೇನೋ? ಅಲ್ಲೇ ಹುಡುಕು.”

ಸೌದೆ ತೆಗೆದು ಬಾರಿಸಬೇಕೆನಿಸಿತು. ಬಾರಿಸಿದರೂ ಕೆಲಸ ಹೋಗುತ್ತದೆ, ಬಿಟ್ಟರೂ ಹೋಗುತ್ತದೆ. ಯಜಮಾನನಿಗೆ ಹೇಳೋಣವೆಂದರೆ ಅಲ್ಲಿ ಸಿಗುವುದು ಒಂದೇ ಮಾತು. ಕೈ ಸುಡ್ತಿದೆ, ಹೊಸ ಕೈಗವಸು ತಂದುಕೊಡಿ ಅಂದರೆ, “ದೇವರು ಒದಗಿಸ್ತಾನಪ್ಪ.” ಹೊಗೆಕೊಳವೆ ಕಟ್ಟಿಕೊಂಡಿದೆ ಅಂದರೂ ಅದೇ. ದೇವರೇನು ಕೊಳವೆ ಉಜ್ಜುವವನೇ?

ಕೆಂಡ ಮಸಿ ಹಿಡಿದ ಚಾವಣಿಯತ್ತ ಕತ್ತೆತ್ತಿದ. “ಹಬ್ಬ ನಿಂದು, ಹುಟ್ಟಿದ್ದು ನಿನ್ನ ಮಗ. ಕೆಲಸ ಹೋಗೋದು ಮಾತ್ರ ನಂದಾ? ಒದಗಿಸ್ತೀಯಂತಲ್ಲ, ಒದಗಿಸು ನೋಡೋಣ!”

ಚಾವಣಿಯಿಂದ ಒಂದು ಚೂರು ಮಸಿ ಬಿತ್ತು, ಅಷ್ಟೇ.

ಮೇಸ್ತ್ರಿ ಬೀಡಿ ಸೇದಲು ಹೊರಹೋದ. ಕೆಂಡ ಸೌಟು ಹಿಡಿದ. ಡಾಕ್ಟರ್ ಮನೆಯ ಡಬ್ಬದಲ್ಲಿ ಒಣದ್ರಾಕ್ಷಿಗೆ ಜಾಗವೇ ಇರಲಿಲ್ಲ. ಅಲ್ಲಿಂದ ಎರಡು ಸೌಟು. ಕ್ಷೌರಿಕನದು ಕೋಕೋ ಹಾಕಿದ್ದು, ಕರ್ರಗೆ, ಅದರಿಂದ ಒಂದು. ಟೀಚರಮ್ಮನದು ನೀರು ನೀರು, ಆದರೂ ಬಿಡಲಿಲ್ಲ. ಹೀಗೆ ಹಲಗೆಯುದ್ದಕ್ಕೂ ಬೀದಿಬೀದಿಯನ್ನು ದೋಚಿದ. ತಾನೇ ಎಣ್ಣೆ ಸವರಿಟ್ಟಿದ್ದ ಪೇಂಟರ್ ಮನೆಯ ಡಬ್ಬ ಮುಕ್ಕಾಲು ತುಂಬಿತು. ಗುರುತಿನ ಬಟ್ಟೆ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಡಬ್ಬವನ್ನು ಭಟ್ಟಿಗೆ ತಳ್ಳಿದ. ಮನೆಗೆ ಹೋಗಿ ಕತ್ತರಿಸಿದಾಗ ಅವರಿಗೆ ಗೊತ್ತಾಗುತ್ತದೆ ಇದು ತಮ್ಮದಲ್ಲವೆಂದು. ಆಗುವುದು ಆಗಲಿ. ಹಬ್ಬ ದಾಟಿದರೆ ಸಾಕು.

ಮಧ್ಯಾಹ್ನ ಕಿಟಕಿಯ ಮುಂದೆ ಸಾಲು. ಪೇಂಟರನ ಹೆಂಡತಿ ಎಲ್ಲರಿಗಿಂತ ಮುಂದೆ ನಿಂತಿದ್ದಳು.

“ಬೇಗ ಕೊಡು ತಮ್ಮಾ. ಮಕ್ಕಳು ಕಾಯ್ತಿದಾವೆ.”

ಕೆಂಡನಿಗೂ ಅದೇ ಬೇಕಿತ್ತು. ಡಬ್ಬಕ್ಕೆ ಬಟ್ಟೆ ಕಟ್ಟಿ ಎತ್ತಿದ. ಅಷ್ಟರಲ್ಲಿ ಯಜಮಾನ ನಡುವೆ ಕೈ ಹಾಕಿ ಡಬ್ಬ ಇಸಿದುಕೊಂಡ.

“ನಿಲ್ಲಮ್ಮಾ. ಹೋದ ವಾರ ಒಂದು ಡಬ್ಬ ಹಾಳಾಯ್ತಲ್ಲ, ಇವತ್ತಿನಿಂದ ಹೊಸ ಕಟ್ಟಳೆ. ಎಲ್ಲರೆದುರು ತೆರೆದು ತೋರಿಸಿಯೇ ಕೊಡೋದು. ಆಮೇಲೆ ಮಾತು ಬರಬಾರದು.”

“ಬೇಡ ಅಣ್ಣಾ, ಹಾಗೇ ಕೊಡಿ.”

“ಕಣ್ಣಾರೆ ನೋಡ್ಕೊಳ್ಳಿ.”

“ಬೇಡ ಅಂದ್ನಲ್ಲ!” ಅವಳು ಬಿಸಿ ಮುಚ್ಚಳದ ಮೇಲೆ ಅಂಗೈ ಒತ್ತಿಬಿಟ್ಟಳು. ಸುಟ್ಟರೂ ತೆಗೆಯಲಿಲ್ಲ.

ಕೆಲವು ಮನೆಯವರು ಹಾಗೆಯೇ, ತಮ್ಮ ಕೇಕಿನ ಗುಟ್ಟು ಪರರ ಕಣ್ಣಿಗೆ ಬೀಳಬಾರದು. ಒತ್ತಿ ಹಿಡಿ ಅಕ್ಕಾ, ಎಂದು ಕೆಂಡ ಮನಸ್ಸಿನಲ್ಲೇ ಬೇಡಿಕೊಂಡ. ಹಿಂದಿದ್ದವರು ಗೊಣಗಿದರು. ಯಜಮಾನ ಅವಳ ಕೈ ಮೆಲ್ಲಗೆ ಸರಿಸಿ ಮುಚ್ಚಳ ಎತ್ತಿದ.

ಕೇಕು ಉಬ್ಬಿ ನಿಂತಿತ್ತು. ಒಂದು ಕಡೆ ಹಳದಿ, ಒಂದು ಕಡೆ ಕಪ್ಪು, ನಡುವೆ ಕಂದು.

“ಪೇಂಟರ್ ಮನೆ ಕೇಕಿಗೂ ಬಣ್ಣ ಹೊಡೆದಿದಾರೆ!” ಎಂದ ಕ್ಷೌರಿಕ. ಸಾಲು ನಕ್ಕಿತು.

ಯಜಮಾನ ನಗಲಿಲ್ಲ. ಕೇಕನ್ನು ನೋಡಿದ, ಕೆಂಡನನ್ನು ನೋಡಿದ. “ಅಮ್ಮಾ, ಇದು ನಿಮ್ಮದೇ ತಾನೆ?”

ಅವಳ ಬಾಯಿ ತೆರೆದೇ ಇತ್ತು. ಕೆಂಡ ಸೊಂಟಕ್ಕೆ ಕಟ್ಟಿದ್ದ ಕೆಲಸದ ಬಟ್ಟೆ ಬಿಚ್ಚತೊಡಗಿದ. ಕೆಲಸ ಹೋಯಿತು. ಅಮ್ಮನಿಗೆ ಏನೆಂದು ಹೇಳುವುದು?

“ನಮ್ಮದೇ,” ಎಂದಳು ಅವಳು. ಡಬ್ಬವನ್ನು ಎದೆಗೆ ಅವಚಿಕೊಂಡು ಹೊರಟೇಬಿಟ್ಟಳು.

ಕೆಂಡನಿಗೆ ತಡೆಯಲಾಗಲಿಲ್ಲ. ಉಪಕಾರವೂ ಅವನಿಗೆ ಸಿಟ್ಟು ಬರಿಸುತ್ತಿತ್ತು. ಹಿಂಬಾಗಿಲಿನಿಂದ ಓಡಿ ತಿರುವಿನಲ್ಲಿ ಅಡ್ಡ ನಿಂತ.

“ಅಕ್ಕಾ, ಇದು ನಿಮ್ಮ ಕೇಕಲ್ಲ. ನಿಮಗೂ ಗೊತ್ತು. ಎಲ್ಲರ ಡಬ್ಬದಿಂದ ಕದ್ದು ನಾನೇ ತುಂಬಿಸಿದ್ದು. ನಿಮ್ಮ ಹಿಟ್ಟು ನುಂಗಿದ ಕಳ್ಳ ಯಾರೂಂತ ನಂಗೊತ್ತು. ನೀವ್ಯಾಕೆ ಸುಳ್ಳು ಹೇಳಿದ್ರಿ?”

ಅವಳು ಕೆಂಪಾದ ಅಂಗೈಯಿಂದ ಕಣ್ಣೊರೆಸಿಕೊಂಡಳು.

“ಯಾರೂ ಕದ್ದಿಲ್ಲ ತಮ್ಮಾ. ಬೀದಿಯವರೆಲ್ಲ ಡಬ್ಬ ಹೊತ್ತು ಹೊರಟ್ರಲ್ಲ, ನಮ್ಮನೇಲಿ ಏನೂ ಇಲ್ಲ ಅಂತ ಗೊತ್ತಾಗ್ಬಾರ್ದು ಅಂತ ನಾನು ಖಾಲಿ ಡಬ್ಬಾನೇ ಇಟ್ಟು ಬಂದಿದ್ದೆ.”