ಕೂಡಿಸಿ ಬರೆಯಿರಿ

“ಚಿಕ್ಕಮ್ಮ, ಎರಡು ಪದ ಸೇರಿ ಒಂದಾಗೋದು ಯಾವುದಾದ್ರೂ ಹೇಳಿ. ಪಾಠದಲ್ಲಿ ಇರೋದು ಬರೀಬಾರದಂತೆ,” ಎಂದಳು ಹುಡುಗಿ, ಪೆನ್ಸಿಲ್ ಕಚ್ಚುತ್ತ.

ಚಿಕ್ಕಮ್ಮ ಗಿರಾಕಿಯೊಬ್ಬರ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ತಾಯಿಯಿಲ್ಲದ ಈ ಮನೆಗೆ ಅವಳು ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಹುಡುಗಿ ಅವಳ ಕೈಯಲ್ಲಿ ಜಡೆ ಹಾಕಿಸಿಕೊಳ್ಳಲು ಒಪ್ಪಿದ್ದು ಮಾತ್ರ ಮೊನ್ನೆ ಮೊನ್ನೆ. “ಚಿಕ್ಕಮ್ಮ ಅಂತಲೇ ಬರಿ. ಚಿಕ್ಕ, ಅಮ್ಮ. ಸೇರಿದ್ರೆ ಚಿಕ್ಕಮ್ಮ,” ಎಂದಳು.

“ಅದು ಪಾಠದಲ್ಲೇ ಇದೆ.” ಹುಡುಗಿ ಏನೋ ಬರೆದು, ಪುಸ್ತಕವನ್ನು ಅವಳ ಮಡಿಲಿಗೆ ಸರಿಸಿದಳು. ‘ನಮ್ಮ + ಅಮ್ಮ = ನಮ್ಮಮ್ಮ’ ಎಂದಿತ್ತು. ಚಿಕ್ಕಮ್ಮ ಅದರ ಮೇಲೆ ಬೆರಳಾಡಿಸಿದಳು. ಹುಡುಗಿಯ ತೀರಿಕೊಂಡ ತಾಯಿಯನ್ನು ಅವಳು ಅಕ್ಕ ಎಂದೇ ಕರೆಯುತ್ತಿದ್ದಳು. “ಅಕ್ಕನ್ನ ನೆನೆಸಿಕೊಂಡು ಬರೆದ್ಯಾ? ಚೆನ್ನಾಗಿದೆ ಪುಟ್ಟಿ.”

“ಇಬ್ಬರನ್ನೂ ನೆನೆಸಿಕೊಂಡೇ ಬರೆದೆ,” ಎಂದಳು ಹುಡುಗಿ, ತಲೆ ಎತ್ತದೆ. “ಬೇರೆ ಬೇರೆ ಬರೆಯೋದಕ್ಕೆ ಜಾಗ ಇಲ್ಲ. ಸರಿ ಇದೆಯಾ?”

“ಸರಿ ಇದೆ. ಇನ್ನೊಂಚೂರು ದುಂಡಗೆ ಬರಿ,” ಎಂದು ಚಿಕ್ಕಮ್ಮ ಸೂಜಿಗೆ ಹೊಸ ದಾರ ಪೋಣಿಸಲು ಹೋದಳು. ಕಣ್ಣು ಮಂಜಾಗಿ ಮೂರು ಸಲವೂ ತಪ್ಪಿತು.

ಹುಡುಗಿ ಎದ್ದು ಬಂದು ಕೈಚಾಚಿದಳು. “ತಾ ಇಲ್ಲಿ. ನಿನ್ನ ಕೈಲಿ ಆಗಲ್ಲ.”